ಆಪ್ತ ಸಮಾಲೋಚನೆಯ ಬಾಗಿಲು ಯಾರಿಗೆ ತೆರೆದಿದೆ?

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆಯನ್ನು ನಮಗೆಲ್ಲ ಬಾಯಿಪಾಠ ಮಾಡಿಸಿದ್ದಾರೆ. ಉಂಡು ಮಲಗಿದ ಮೇಲೆ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದವರ ಬಗ್ಗೆ ಆ ಗಾದೆ ಬಾಯಿ ಬಿಡುವುದಿಲ್ಲ. 1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಮೋಚನಾ ಸಂಘಟನೆಯ ಹೆಂಗಸರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಕೇಳತೊಡಗಿದ ಮೇಲೆಯೇ 'ಸ್ಟವ್ ಸಿಡಿಯಿತು' ಎಂಬ ಎರಡು ಪದಗಳ ಹಿಂದೆ ಏನೇನು ಅಡಗಿತ್ತು ಎಂಬುದು ಹೊರಬಿತ್ತು. ಕೇಳುವವರು ಸಿಕ್ಕಾಗ ಮಾತ್ರ ಹೆಣ್ಣು ಹೇಳುತ್ತಾಳೆ. ಇದು ನಮ್ಮ ಚಳವಳಿ ಕಲಿತ ಮೊದಲ ಪಾಠ.

ಗಾದೆ ಈಗ ಹಳತಾಗಿದೆ. ಅದೇ ಮಾತಿಗೆ ಹೊಸ ಸೀರೆ ಉಡಿಸಿ 'ಕೌನ್ಸೆಲಿಂಗ್' ಎಂದು ಹೆಸರಿಟ್ಟಿದ್ದಾರೆ. ಪೊಲೀಸ್ ಠಾಣೆಗೆ ಹೋದರೆ 'ಕೌನ್ಸೆಲಿಂಗ್ ಮಾಡಿ ಕಳಿಸಿದ್ದೇವೆ' ಎನ್ನುತ್ತಾರೆ. ಊರ ಹಿರಿಯರು ಕೂಡ ಈಗ ಪಂಚಾಯ್ತಿ ಎನ್ನದೆ ಕೌನ್ಸೆಲಿಂಗ್ ಎನ್ನುತ್ತಾರೆ. ಒಳಗೆ ನಡೆಯುವುದು ಏನು? 'ಸ್ವಲ್ಪ ಹೊಂದಿಕೊಂಡು ಹೋಗಮ್ಮ, ಮಕ್ಕಳ ಮುಖ ನೋಡು.' ಇಷ್ಟೇ. ಹೊಡೆದವನಿಗೆ ಬುದ್ಧಿಮಾತು, ಹೊಡೆಸಿಕೊಂಡವಳಿಗೆ ವಾಪಸ್ಸು ಬಸ್ ಟಿಕೀಟು.

ಹಾಗಾದರೆ ಸರಿಯಾದ ಆಪ್ತ ಸಮಾಲೋಚನೆಯನ್ನು ಯಾರು ಮಾಡಬೇಕು? ಅದನ್ನು ಕಲಿಯಲು ಯಾರನ್ನು ಒಳಗೆ ಬಿಡುತ್ತಾರೆ, ಯಾರನ್ನು ಹೊರಗೆ ನಿಲ್ಲಿಸುತ್ತಾರೆ? ಇದು ವಿಶ್ವವಿದ್ಯಾಲಯದವರು ತಮ್ಮತಮ್ಮಲ್ಲೇ ತೀರ್ಮಾನಿಸಿಕೊಳ್ಳಲು ಬಿಟ್ಟುಬಿಡುವ ಪ್ರಶ್ನೆಯಲ್ಲ. ಇದು ನಮ್ಮ ಸಂಘಗಳ ಪ್ರಶ್ನೆ. ಏಕೆ ಎಂದು ಹೇಳುತ್ತೇನೆ.

ಮೊದಲು ಕೇಳುವ ಕಿವಿ ಯಾರದು?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇಕಡಾ 44.4 ಮಂದಿ ಗಂಡನಿಂದ ದೌರ್ಜನ್ಯ ಅನುಭವಿಸಿದ್ದಾರೆ. ಇಡೀ ದೇಶದಲ್ಲಿ ಇದೇ ಅತಿ ಹೆಚ್ಚು. ನಮ್ಮ ಸಂಘದಲ್ಲಿ ಇಪ್ಪತ್ತು ಜನ ಕೂತರೆ ಎಂಟೊಂಬತ್ತು ಜನ ಎಂದಾಯಿತು. ಅದೇ ಸಮೀಕ್ಷೆ ಇನ್ನೊಂದು ಮಾತು ಹೇಳುತ್ತದೆ. ದೇಶದಲ್ಲಿ ಹೀಗೆ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರಲ್ಲಿ ನೆರವು ಕೇಳಿದವರು ಶೇಕಡಾ 14 ಮಾತ್ರ. ಶೇಕಡಾ 77ರಷ್ಟು ಹೆಂಗಸರು ನೆರವನ್ನೂ ಕೇಳಲಿಲ್ಲ, ಯಾರ ಹತ್ತಿರವೂ ಹೇಳಿಕೊಳ್ಳಲೂ ಇಲ್ಲ.

ಹೇಳಿಕೊಂಡ ಆ ಕೆಲವರು ಮೊದಲು ಎಲ್ಲಿಗೆ ಬರುತ್ತಾರೆ? ಬಿಳಿ ಗೋಡೆಯ ಕೋಣೆಯಲ್ಲಿ ಕೂತ ಮನಶ್ಶಾಸ್ತ್ರಜ್ಞರ ಬಳಿಗಲ್ಲ. ತವರಿಗೆ ಬರುತ್ತಾರೆ. ತವರು ಬಾಗಿಲು ಹಾಕಿದರೆ ನೆರೆಮನೆಯವಳ ಬಳಿ, ಆಶಾ ಕಾರ್ಯಕರ್ತೆಯ ಬಳಿ, ಸಂಘದ ಪುಸ್ತಕ ಬರೆಯುವವಳ ಬಳಿ ಬರುತ್ತಾರೆ. ವಾರದ ಉಳಿತಾಯ ಕಟ್ಟಲು ಬಂದವಳು ಎಲ್ಲರೂ ಎದ್ದು ಹೋದ ಮೇಲೂ ಸುಮ್ಮನೆ ಕೂತೇ ಇರುತ್ತಾಳಲ್ಲ, ಆಗ ನಮಗೆ ಅರ್ಥವಾಗುತ್ತದೆ. ಏನೂ ಕೇಳಬೇಕಾಗಿಲ್ಲ. ಒಂದು ಲೋಟ ನೀರು ಕೊಟ್ಟು ಪಕ್ಕದಲ್ಲಿ ಕೂತರೆ ಸಾಕು. ಇದನ್ನು ನಮಗೆ ಯಾವ ಕಾಲೇಜೂ ಕಲಿಸಲಿಲ್ಲ.

ನನ್ನ ಅರ್ಜಿಯ ಕಥೆ

ನಾನು ತಾಲ್ಲೂಕು ಊರೊಂದರ ಮಹಿಳಾ ಕೇಂದ್ರದಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಓದಿದ್ದು ಬಿ.ಎ., ಇತಿಹಾಸ, ಸಮಾಜಶಾಸ್ತ್ರ ಮತ್ತು ಐಚ್ಛಿಕ ಕನ್ನಡ. ಮೂರು ವರ್ಷದ ಹಿಂದೆ ಆಪ್ತ ಸಮಾಲೋಚನೆಯ ಸ್ನಾತಕೋತ್ತರ ಪದವಿಗೆ ಒಂದು ಕಾಲೇಜಿಗೆ ಅರ್ಜಿ ಹಾಕಿದೆ. ಕೆಲಸ ಬರುವುದಿಲ್ಲವೆಂದು ಹಾಕಿದ್ದಲ್ಲ. ಬರುವ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಬೇಕು, ಕೋರ್ಟಿನಲ್ಲಿ ನನ್ನ ವರದಿಗೆ ಬೆಲೆ ಬರಬೇಕು, ನನ್ನ ನಂತರ ಬರುವ ಹುಡುಗಿಯರಿಗೆ ಕಲಿಸಬೇಕು ಎಂದು ಹಾಕಿದೆ.

ಅರ್ಜಿ ನಮೂನೆಯೇ ಒಂದು ಪಾಠ. ಪದವಿಯಲ್ಲಿ ಮನಶ್ಶಾಸ್ತ್ರ ಓದಿದ್ದೀರಾ? ಶೇಕಡಾ ಎಷ್ಟು ಅಂಕ? ಈ ಕೋರ್ಸನ್ನು ಏಕೆ ಓದಬಯಸುತ್ತೀರಿ ಎಂದು ಇಂಗ್ಲಿಷಿನಲ್ಲಿ ಎರಡು ಪುಟ ಬರೆಯಿರಿ. ನಿಮಗೆ ಪಾಠ ಮಾಡಿದ ಇಬ್ಬರು ಪ್ರಾಧ್ಯಾಪಕರಿಂದ ಶಿಫಾರಸು ಪತ್ರ ತನ್ನಿ. ನನಗೆ ಪಾಠ ಮಾಡಿದವರಲ್ಲಿ ಒಬ್ಬರು ತೀರಿಕೊಂಡಿದ್ದಾರೆ, ಇನ್ನೊಬ್ಬರು ನಿವೃತ್ತರಾಗಿ ಮಗನ ಊರು ಸೇರಿದ್ದಾರೆ. ಪೊಲೀಸ್ ಠಾಣೆಗೂ ಆಸ್ಪತ್ರೆಗೂ ಕೋರ್ಟಿಗೂ ನನ್ನ ಜೊತೆ ನಡೆದುಬಂದ ಹೆಂಗಸರಲ್ಲಿ ಒಬ್ಬರು ಬರೆದುಕೊಟ್ಟರೆ ಆಗುತ್ತದೆಯೇ ಎಂದು ಕೇಳಿದೆ. ಆಗುವುದಿಲ್ಲ ಎಂದರು.

ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಒಂದು ಕಲಂ: 'ಪದವಿ ಮುಗಿದ ನಂತರದ ಖಾಲಿ ವರ್ಷಗಳಿಗೆ ವಿವರಣೆ ನೀಡಿ.' ಖಾಲಿ ವರ್ಷಗಳು! ಗೆಳತಿಯರೇ, ನಮ್ಮ ಯಾವ ವರ್ಷ ಖಾಲಿ ಇತ್ತು? ಹೆತ್ತ ವರ್ಷವೇ? ಅತ್ತೆಯ ಕಾಯಿಲೆ ನೋಡಿಕೊಂಡ ವರ್ಷವೇ? ರಾತ್ರಿ ಎರಡು ಗಂಟೆಗೆ ಮಗುವನ್ನು ಸೊಂಟದ ಮೇಲೆ ಹೊತ್ತು ಬಂದವಳಿಗೆ ಬಾಗಿಲು ತೆರೆದ ವರ್ಷವೇ? ಹೆಣ್ಣಿನ ದುಡಿಮೆಗೆ ಮನೆಯಲ್ಲೂ ಲೆಕ್ಕವಿಲ್ಲ, ಅರ್ಜಿಯಲ್ಲೂ ಲೆಕ್ಕವಿಲ್ಲ.

ಸಂದರ್ಶನದಲ್ಲಿ ಮೂವರಿದ್ದರು. ಇಂಗ್ಲಿಷಿನಲ್ಲಿ ಕೇಳಿದರು, ನಾನು ಕನ್ನಡದಲ್ಲಿ ಉತ್ತರಿಸಿದೆ. 'ನಿಮ್ಮದು ಸಮಾಜಸೇವೆ, ಇದು ವೃತ್ತಿ' ಎಂದರು. ಸೀಟು ಸಿಗಲಿಲ್ಲ. ಅದಕ್ಕೆ ನನಗೆ ಅಳುವೇನೂ ಬರಲಿಲ್ಲ. ಆದರೆ ಆ ಮಾತಿಗೆ ಉತ್ತರ ಕೊಡದೆ ಬಿಡಲಾರೆ. ಹಳ್ಳಿಯ ಹೆಂಗಸು ಕೇಳಿದರೆ ಸೇವೆ, ಪೇಟೆಯವರು ಗಂಟೆಗೆ ಇಷ್ಟೆಂದು ಶುಲ್ಕ ತೆಗೆದುಕೊಂಡು ಕೇಳಿದರೆ ವೃತ್ತಿ! ಸೂಲಗಿತ್ತಿಯರಿಗೂ ಹಿಂದೆ ಹೀಗೆಯೇ ಆಯಿತು. ಕೈಗೆ ಕೆಲಸ ಗೊತ್ತಿದ್ದವರನ್ನು ಕೂರಿಸಿ ಕಲಿಸುವ ಬದಲು ಅಂಗಳದಾಚೆಗೆ ಅಟ್ಟಿದರು.

ಕಾನೂನು ಹೇಳುವುದೇ ಬೇರೆ

'ನಾವು ಯಾರ ಪಕ್ಷವನ್ನೂ ವಹಿಸುವುದಿಲ್ಲ, ಸಮಾಲೋಚಕರು ತಟಸ್ಥರಾಗಿರಬೇಕು' ಎನ್ನುವವರಿದ್ದಾರೆ. ಕಾಲೇಜು ವ್ಯಾಜ್ಯಕ್ಕೋ ಆಸ್ತಿ ಭಾಗಕ್ಕೋ ಈ ಮಾತು ಸರಿಯಿರಬಹುದು. ಒಬ್ಬನ ಕೈಯಲ್ಲಿ ದೊಣ್ಣೆ, ಇನ್ನೊಬ್ಬಳ ಬೆನ್ನಲ್ಲಿ ಬಾಸುಂಡೆ ಇರುವಾಗ ನಡುವೆ ನಿಂತವರು ದೊಣ್ಣೆಯ ಪಕ್ಷಕ್ಕೇ ಸೇರಿದಂತೆ.

ಇದು ನನ್ನೊಬ್ಬಳ ಮಾತಲ್ಲ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 14ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರು ಆಪ್ತ ಸಮಾಲೋಚನೆಗೆ ಆದೇಶ ಮಾಡಬಹುದು. ಅದು ಹೇಗೆ ನಡೆಯಬೇಕು ಎಂಬುದನ್ನು ಆ ಕಾಯ್ದೆಯ ನಿಯಮಗಳೇ ಬರೆದಿಟ್ಟಿವೆ. ಸಂಘದ ಪ್ರತಿಯೊಬ್ಬರೂ ಇವನ್ನು ನೆನಪಿಡಬೇಕು. ಸಮಾಲೋಚನೆಯ ಗುರಿ ದೌರ್ಜನ್ಯ ಮತ್ತೆ ನಡೆಯುವುದಿಲ್ಲ ಎಂಬ ಭರವಸೆ ಪಡೆಯುವುದು. 'ಅವಳು ಎದುರು ಮಾತಾಡಿದಳು, ಅದಕ್ಕೆ ಹೊಡೆದೆ' ಎಂದು ಗಂಡ ಅಲ್ಲಿ ಸಮರ್ಥನೆ ಕೊಡುವಂತಿಲ್ಲ. ಕೊಡುವಂತಿಲ್ಲ ಎಂಬುದನ್ನು ಆರಂಭದಲ್ಲೇ ಅವನಿಗೆ ತಿಳಿಸಬೇಕು. ಇನ್ನು ಮುಂದೆ ಹಿಂಸೆ ಮಾಡುವುದಿಲ್ಲ ಎಂದು ಅವನು ಬರೆದುಕೊಡಬೇಕು. ರಾಜಿಯ ಪ್ರಯತ್ನ ಮಾಡಬೇಕಾದದ್ದು ನೊಂದ ಹೆಂಗಸು ಬಯಸಿದರೆ ಮಾತ್ರ. ಸಮಾಲೋಚಕರು ಸಾಧ್ಯವಾದಷ್ಟು ಮಟ್ಟಿಗೆ ಮಹಿಳೆಯರೇ ಆಗಿರಬೇಕು.

ನೋಡಿ, ಠಾಣೆಯಲ್ಲಿ ನಡೆಯುವ 'ಕೌನ್ಸೆಲಿಂಗ್' ಇದರಲ್ಲಿ ಯಾವುದನ್ನು ಪಾಲಿಸುತ್ತದೆ? ಆಪ್ತ ಸಮಾಲೋಚನೆಗೆಂದು ಅರ್ಜಿ ಹಾಕುವ ಹುಡುಗಿಯರಿಗೆ ನನ್ನ ಮೊದಲ ಸಲಹೆ ಇದು. ಕಾಲೇಜಿನವರು ನಿಮ್ಮನ್ನು ಪ್ರಶ್ನೆ ಕೇಳುವಾಗ ನೀವೂ ಒಂದು ಪ್ರಶ್ನೆ ಕೇಳಿ. ನಿಮ್ಮ ಪಠ್ಯದಲ್ಲಿ 1961ರ ವರದಕ್ಷಿಣೆ ನಿಷೇಧ ಕಾಯ್ದೆ ಇದೆಯೇ? 2005ರ ಕಾಯ್ದೆಯ ನಿಯಮಗಳಿವೆಯೇ? ಹಳೆಯ 498ಎ ಕಲಮಿನ ವಿಷಯ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ, ವರದಕ್ಷಿಣೆ ಸಾವು 80ನೇ ಕಲಮಿನಲ್ಲಿದೆ ಎಂಬುದನ್ನು ಹೇಳಿಕೊಡುತ್ತೀರಾ? ಈ ದೇಶದಲ್ಲಿ ವರ್ಷಕ್ಕೆ ಆರು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ದಾಖಲಾಗುತ್ತಿರುವಾಗ, ಆ ಹೆಸರೇ ಎತ್ತದೆ ಸಮಾಲೋಚನೆ ಕಲಿಸುವ ಪದವಿ ಯಾರ ಪ್ರಯೋಜನಕ್ಕೆ?

ಇದ್ದ ಒಂದು ಕಿಂಡಿಯೂ ಮುಚ್ಚಿತು

ನಮ್ಮಂಥವರಿಗೆ ಒಂದು ದಾರಿ ಇತ್ತು. ದೂರಶಿಕ್ಷಣ. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಯಾವುದೇ ಪದವಿ ಪಡೆದವರು ಮನಶ್ಶಾಸ್ತ್ರದ ಎಂ.ಎ.ಗೆ ಸೇರಿ ಆಪ್ತ ಸಮಾಲೋಚನೆಯನ್ನು ವಿಶೇಷವಾಗಿ ಓದಬಹುದಿತ್ತು. ಕನ್ನಡದಲ್ಲಿ ಇರಲಿಲ್ಲ, ನಿಜ. ಆದರೂ ಕೆಲಸ ಬಿಡದೆ, ಮನೆ ಬಿಡದೆ, ರಾತ್ರಿ ಪಾತ್ರೆ ತೊಳೆದ ಮೇಲೆ ಓದಬಹುದಿತ್ತು. 2025ರ ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಅದಕ್ಕೂ ಬೀಗ ಹಾಕಿತು. 2021ರ ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ಅಡಿ ಬರುವ ವಿಷಯಗಳನ್ನು, ಮನಶ್ಶಾಸ್ತ್ರವೂ ಸೇರಿ, ಆ ವರ್ಷದ ಜುಲೈ-ಆಗಸ್ಟ್ ಅವಧಿಯಿಂದ ದೂರಶಿಕ್ಷಣದಲ್ಲಾಗಲೀ ಆನ್‌ಲೈನಿನಲ್ಲಾಗಲೀ ಹೊಸದಾಗಿ ಕಲಿಸುವಂತಿಲ್ಲ ಎಂದಿತು.

ಕಾರಣವೇನು? ಗುಣಮಟ್ಟ. ಅಂಚೆಯಲ್ಲಿ ಬಂದ ಪುಸ್ತಕ ಓದಿ ಮನಸ್ಸಿನ ಚಿಕಿತ್ಸೆ ಕಲಿಯಲಾಗದು ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ, ನಾನು ಅಲ್ಲಗಳೆಯುವುದಿಲ್ಲ. ಎದುರಿಗೆ ಕೂತ ಮನುಷ್ಯರಿಲ್ಲದೆ, ತಿದ್ದುವ ಹಿರಿಯರಿಲ್ಲದೆ ಈ ಕೆಲಸ ಕಲಿಯಲಾಗುವುದಿಲ್ಲ. ಆದರೆ ಕಿಂಡಿ ಮುಚ್ಚುವವರು ಬಾಗಿಲು ತೆರೆಯಬೇಕಲ್ಲವೇ? ಜಿಲ್ಲೆಗೊಂದು ಸಂಜೆ ತರಗತಿ ಎಲ್ಲಿ? ಶನಿವಾರ ಭಾನುವಾರದ ಪಾಠ ಎಲ್ಲಿ? ಮಕ್ಕಳನ್ನು ಜೊತೆಗಿಟ್ಟುಕೊಳ್ಳಬಹುದಾದ ಹಾಸ್ಟೆಲ್ ಎಲ್ಲಿ? ಎರಡು ವರ್ಷ ದೊಡ್ಡ ಊರಲ್ಲಿ ಬಾಡಿಗೆ ಕಟ್ಟಿಕೊಂಡು ಓದಬಲ್ಲವರು ಯಾರು? ಹೊಡೆತ ತಿಂದು ಮನೆ ಬಿಟ್ಟು ಬಂದು ತನ್ನಂಥವರಿಗೆ ನೆರವಾಗಬೇಕೆಂದು ಹೊರಟವಳಂತೂ ಅಲ್ಲ.

ಇದರ ಫಲ ಎಲ್ಲಿಗೆ ಬಂದು ಮುಟ್ಟುತ್ತದೆ ಗೊತ್ತೇ? 2015ರಿಂದ ನಡೆಯುತ್ತಿರುವ ಸಖಿ ಒನ್ ಸ್ಟಾಪ್ ಕೇಂದ್ರಗಳಲ್ಲಿ ಸಮಾಲೋಚಕರ ಹುದ್ದೆಗೆ ಮನಶ್ಶಾಸ್ತ್ರದಂಥ ವಿಷಯದಲ್ಲಿ ವೃತ್ತಿಪರ ಪದವಿ ಅಥವಾ ಡಿಪ್ಲೊಮಾ ಕೇಳುತ್ತಾರೆ. ಪದವಿ ಇದ್ದವರು ಸಣ್ಣ ಗೌರವಧನಕ್ಕೆ ತಾಲ್ಲೂಕಿಗೆ ಬರುವುದಿಲ್ಲ. ತಾಲ್ಲೂಕಿನಲ್ಲಿ ಇರುವವರಿಗೆ ಪದವಿ ಸಿಗುವುದಿಲ್ಲ. ನಡುವೆ ನಿಂತವಳು ಮಗು ಎತ್ತಿಕೊಂಡು ಬಂದ ಆ ಹೆಂಗಸು.

ತರಬೇತಿ ಬೇಡವೆಂದು ಹೇಳುತ್ತಿಲ್ಲ

ಯಾರೂ ತಪ್ಪು ತಿಳಿಯಬಾರದು. ಸಂಘದಲ್ಲಿದ್ದವರೆಲ್ಲ ಸಮಾಲೋಚಕಿಯರು ಎಂದು ನಾನು ಹೇಳುವುದಿಲ್ಲ. ನಮ್ಮಲ್ಲೂ 'ಸಹಿಸಿಕೋ' ಎನ್ನುವವರಿದ್ದಾರೆ. ಕೇಳಿದ ಗುಟ್ಟನ್ನು ಬೋರ್‌ವೆಲ್ ಹತ್ತಿರ ಹರಡುವವರಿದ್ದಾರೆ. ಸಾಯುವ ಮಾತಾಡುವವಳ ಮಾತು ಬರೀ ಬೇಸರದ್ದೋ, ಇವತ್ತು ರಾತ್ರಿಯೇ ಅವಳನ್ನು ಒಂಟಿ ಬಿಡಬಾರದೋ ಎಂದು ತಿಳಿಯುವುದಕ್ಕೆ ಕಲಿಕೆ ಬೇಕು. ಯಾವಾಗ ವೈದ್ಯರ ಬಳಿ ಕಳಿಸಬೇಕು, ಯಾವಾಗ ಔಷಧಿ ಬೇಕು ಎಂಬುದಕ್ಕೆ ಕಲಿಕೆ ಬೇಕು. ದಿನಾ ಇನ್ನೊಬ್ಬರ ನೋವು ಕೇಳಿ ನಮ್ಮ ನಿದ್ದೆ ಕೆಡದಂತೆ ನೋಡಿಕೊಳ್ಳುವುದಕ್ಕೂ ಕಲಿಕೆ ಬೇಕು. ಬೇಕೆಂದೇ ಅರ್ಜಿ ಹಾಕುತ್ತಿದ್ದೇವೆ. ಕಲಿಸಿ ಎಂದು ಬಾಗಿಲು ಬಡಿಯುವವರನ್ನು ಕಲಿಯದವರೆಂದು ಹೊರಗಿಡುವುದು ಯಾವ ನ್ಯಾಯ?

ಕಲಿಸಿದರೆ ನಮ್ಮಂಥವರು ಕಲಿಯಬಲ್ಲೆವು ಎಂಬುದಕ್ಕೆ ಲೋಕದಲ್ಲಿ ಸಾಕ್ಷಿ ಇದೆ. ಆಫ್ರಿಕಾದ ಜಿಂಬಾಬ್ವೆಯಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟು. ಅಲ್ಲಿ ಡಿಕ್ಸನ್ ಚಿಬಾಂಡ ಎಂಬ ವೈದ್ಯರು 2006ರಲ್ಲಿ ಹರಾರೆ ನಗರದ ಎಂಬಾರೆ ಎಂಬ ಬಡ ಬಡಾವಣೆಯಲ್ಲಿ ಅಜ್ಜಿಯರನ್ನು ಕೂಡಿಸಿ ತರಬೇತಿ ಕೊಟ್ಟರು. ಆಸ್ಪತ್ರೆಯ ಅಂಗಳದಲ್ಲಿ ಒಂದು ಮರದ ಬೆಂಚು. ಅದರ ಮೇಲೆ ಅಜ್ಜಿ, ಪಕ್ಕದಲ್ಲಿ ನೊಂದವಳು. ಖಿನ್ನತೆ ಎಂಬ ಪುಸ್ತಕದ ಪದ ಬಿಟ್ಟು, 'ಅತಿಯಾಗಿ ಯೋಚಿಸುವುದು' ಎಂಬ ತಮ್ಮದೇ ಶೋನಾ ಭಾಷೆಯ ಮಾತಿನಲ್ಲಿ ಅವರು ಮಾತಾಡಿಸಿದರು. ಅದು 'ಸ್ನೇಹದ ಬೆಂಚು' ಎಂದು ಹೆಸರಾಯಿತು. ಪರೀಕ್ಷಿಸಿ ನೋಡಿದಾಗ ಆ ಬೆಂಚಿನಿಂದ ಎದ್ದವರ ಸಂಕಟ ನಿಜಕ್ಕೂ ಇಳಿದಿತ್ತು ಎಂಬುದು 2016ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮ ಪಕ್ಕದ ಗೋವಾದಲ್ಲೂ ಮನಶ್ಶಾಸ್ತ್ರದ ಪದವಿಯಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯವರಿಗೆ ಸಮಾಲೋಚನೆ ಕೊಡಿಸಿದ ಪ್ರಯೋಗ ಫಲ ಕೊಟ್ಟಿದ್ದು 2017ರಲ್ಲಿ ಪ್ರಕಟವಾಗಿದೆ. ಮುಂಬೈಯ ಬಾಂದ್ರಾದ ಮುನ್ಸಿಪಲ್ ಆಸ್ಪತ್ರೆಯಲ್ಲಿ 2000ದ ಸುಮಾರಿಗೆ ಆರಂಭವಾದ 'ದಿಲಾಸಾ' ಕೇಂದ್ರ, ಹಿಂಸೆಗೆ ಒಳಗಾದ ಹೆಂಗಸಿನ ಪಕ್ಷ ವಹಿಸಿಯೇ ಸಮಾಲೋಚನೆ ನಡೆಸಬಹುದು ಎಂದು ತೋರಿಸಿತು.

ನಮ್ಮ ರಾಜ್ಯದಲ್ಲೇ 1989ರಿಂದ ಮಹಿಳಾ ಸಮಾಖ್ಯಾ ಸಂಘಗಳ ಹೆಂಗಸರು ಅಕ್ಷರ ಕಲಿಯುತ್ತಲೇ ಕಾನೂನು ಕಲಿತರು, ನಾರಿ ಅದಾಲತ್ ನಡೆಸಿದರು. ಆ ಅನುಭವವನ್ನು ಯಾವ ವಿಶ್ವವಿದ್ಯಾಲಯ ಕರೆದು ಪಠ್ಯಕ್ಕೆ ಸೇರಿಸಿಕೊಂಡಿತು ಹೇಳಿ?

ನಮ್ಮ ಬೇಡಿಕೆಗಳು

ಒಂದು: ಹಿಂಸೆಗೊಳಗಾದ ಮಹಿಳೆಯರೊಂದಿಗೆ ಐದು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿದ ಯಾವುದೇ ಪದವೀಧರೆಗೆ ಆಪ್ತ ಸಮಾಲೋಚನೆಯ ಸ್ನಾತಕೋತ್ತರ ಪದವಿಯಲ್ಲಿ ಸೀಟು ಕಾದಿರಿಸಬೇಕು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಅನುಭವದಿಂದ ಬಂದ ಕಲಿಕೆಗೂ ಬೆಲೆ ಕಟ್ಟಬಹುದು ಎನ್ನುತ್ತದೆ. ಕಾಗದದ ಮೇಲಿನ ಈ ಮಾತು ನಮ್ಮ ವಿಷಯದಲ್ಲಿ ಜಾರಿಯಾಗಲಿ.

ಎರಡು: ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ಪರೀಕ್ಷೆ, ಸಂದರ್ಶನ, ಪಾಠ ಎಲ್ಲವೂ ಕನ್ನಡದಲ್ಲಿಯೂ ಇರಬೇಕು. ನೊಂದವಳು ಅಳುವುದು ಕನ್ನಡದಲ್ಲಿ, ಅಥವಾ ತುಳು, ಉರ್ದು, ಲಂಬಾಣಿ, ಕೊಂಕಣಿಯಲ್ಲಿ. ಅವಳ ಮಾತು ಕೇಳುವುದನ್ನು ಇಂಗ್ಲಿಷಿನಲ್ಲಿ ಮಾತ್ರ ಕಲಿಸುವುದು ಏಕೆ?

ಮೂರು: ದೂರಶಿಕ್ಷಣ ನಿಲ್ಲಿಸಿದ ಮೇಲೆ ಪ್ರತಿ ಜಿಲ್ಲೆಯಲ್ಲೂ ಕಡಿಮೆ ಶುಲ್ಕದ ವಾರಾಂತ್ಯ ತರಗತಿ ಮತ್ತು ಜಿಲ್ಲಾಸ್ಪತ್ರೆಯಲ್ಲಿ ಪ್ರಾಯೋಗಿಕ ತರಬೇತಿ ಬೇಕು.

ನಾಲ್ಕು: ವರದಕ್ಷಿಣೆ ಮತ್ತು ಕೌಟುಂಬಿಕ ದೌರ್ಜನ್ಯದ ಕಾನೂನುಗಳು ಐಚ್ಛಿಕವಾಗಿ ಅಲ್ಲ, ಕಡ್ಡಾಯ ಪಾಠವಾಗಿ ಇರಬೇಕು.

ಐದನೆಯ ಬೇಡಿಕೆ ಸರ್ಕಾರದ ಮುಂದಲ್ಲ, ನಮ್ಮ ಮುಂದೆಯೇ ಇಡುವಂಥದ್ದು. ನಮ್ಮ ಸಂಘದ ಸಾಲದ ಪುಸ್ತಕ ತೆರೆದು ನೋಡೋಣ. ಹಸುವಿಗೆ ಸಾಲ ಕೊಟ್ಟಿದ್ದೇವೆ, ಹೊಲಿಗೆ ಯಂತ್ರಕ್ಕೆ ಕೊಟ್ಟಿದ್ದೇವೆ. ಸರಿ. 'ಮಗಳ ಮದುವೆ ಖರ್ಚು' ಎಂದು ಕೊಟ್ಟದ್ದು ಎಷ್ಟು? ಅದರಲ್ಲಿ ಎಷ್ಟು ಚಿನ್ನವಾಯಿತು, ಎಷ್ಟು ಬೈಕಾಯಿತು, ಎಷ್ಟು ಗಂಡಿನ ಕಡೆಯವರ ಕೈಗೆ ಹೋಯಿತು? ವರದಕ್ಷಿಣೆ ವಿರುದ್ಧ ಘೋಷಣೆ ಕೂಗುವ ನಾವೇ ವಾರಕ್ಕಿಷ್ಟು ಕೂಡಿಟ್ಟು ವರದಕ್ಷಿಣೆಗೆ ಸಾಲ ಒದಗಿಸುತ್ತಿದ್ದೇವೆ. ಹೆಣ್ಣೊಬ್ಬಳ ಓದಿನ ಶುಲ್ಕಕ್ಕೆಂದು ಕೊಟ್ಟ ಸಾಲ ಎಷ್ಟಿದೆ ಎಂದು ಎಣಿಸಿ. ಎರಡು ಕೈ ಬೆರಳು ಬೇಕಾಗಲಿಕ್ಕಿಲ್ಲ. ಪ್ರತಿ ಒಕ್ಕೂಟವೂ ಒಬ್ಬಳನ್ನು ಆರಿಸಿ ಓದಿಸಲಿ. ಅವಳು ಓದಿ ಬಂದು ನಮ್ಮ ಊರಲ್ಲೇ ಕೂರಲಿ.

ಅರ್ಜಿ ಹಾಕುವವರಿಗೆ ನಾಲ್ಕು ಮಾತು

ಇಷ್ಟೆಲ್ಲ ಹೇಳಿದ ಮೇಲೂ ಅರ್ಜಿ ಹಾಕಬೇಡಿ ಎನ್ನುವುದಿಲ್ಲ. ಹಾಕಿ, ಮತ್ತೆ ಮತ್ತೆ ಹಾಕಿ. ನೀವು ನೋಡಿಕೊಂಡ ಪ್ರಕರಣಗಳ ಲೆಕ್ಕವನ್ನು ಹೆಸರು, ಊರು ಬರೆಯದೆ ಒಂದು ಪುಸ್ತಕದಲ್ಲಿಡಿ. ತಿಂಗಳು, ತೊಂದರೆ ಏನು, ನೀವೇನು ಮಾಡಿದಿರಿ, ಏನಾಯಿತು, ಇಷ್ಟೇ ಸಾಕು. ಇದೇ ನಿಮ್ಮ ಅನುಭವದ ದಾಖಲೆ. ನಿಮ್ಮ ಜೊತೆ ಕೆಲಸ ಮಾಡಿದ ಸಂರಕ್ಷಣಾಧಿಕಾರಿ, ವೈದ್ಯರು, ವಕೀಲರಿಂದ ಆಗಿಂದಾಗ್ಗೆ ಪತ್ರ ಬರೆಸಿಟ್ಟುಕೊಳ್ಳಿ. ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ, ಪ್ರಾಯೋಗಿಕ ತರಬೇತಿ ಎಷ್ಟು ಗಂಟೆ, ಅಲ್ಲಿ ನಿಮ್ಮನ್ನು ತಿದ್ದುವವರು ಯಾರು ಎಂದು ಕೇಳದೆ ಹಣ ಕಟ್ಟಬೇಡಿ. ಮೂರು ತಿಂಗಳಲ್ಲಿ ಸಮಾಲೋಚಕಿ ಮಾಡುತ್ತೇವೆ ಎನ್ನುವ ಬಣ್ಣದ ಜಾಹೀರಾತಿಗೆ ಮರುಳಾಗಬೇಡಿ. 'ಖಾಲಿ ವರ್ಷ'ಗಳ ಕಲಮಿನಲ್ಲಿ ನೀವು ಮಾಡಿದ ಕೆಲಸವನ್ನೆಲ್ಲ ಬರೆಯಿರಿ, ಜಾಗ ಸಾಲದಿದ್ದರೆ ಬೇರೆ ಹಾಳೆ ಲಗತ್ತಿಸಿ.

ಓದು ಮುಗಿಯುವ ತನಕ ನೊಂದವರು ಕಾಯಲಾರರು. ಮಹಿಳಾ ಸಹಾಯವಾಣಿ 181, ಮನಸ್ಸಿನ ಸಂಕಟಕ್ಕೆ ಕನ್ನಡದಲ್ಲೇ ಉತ್ತರಿಸುವ ಟೆಲಿ ಮಾನಸ್ 14416. ಈ ಎರಡು ಸಂಖ್ಯೆಗಳನ್ನು ಸಂಘದ ಪುಸ್ತಕದ ಒಳರಟ್ಟಿನ ಮೇಲೆ ಬರೆದಿಡಿ.

ಮುಂದಿನ ಸಭೆಯಲ್ಲಿ ಈ ಬೇಡಿಕೆಗಳನ್ನು ಓದಿ ಚರ್ಚಿಸಿ. ಒಪ್ಪಿಗೆಯಾದರೆ ಠರಾವು ಬರೆದು ಎಲ್ಲರೂ ಸಹಿ ಹಾಕಿ, ಸಹಿ ಬಾರದವರು ಹೆಬ್ಬೆಟ್ಟು ಒತ್ತಿ. ಒಂದು ಪ್ರತಿ ಉನ್ನತ ಶಿಕ್ಷಣ ಇಲಾಖೆಗೆ, ಒಂದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ, ಒಂದು ನಿಮ್ಮ ಜಿಲ್ಲೆಯ ವಿಶ್ವವಿದ್ಯಾಲಯದ ಕುಲಪತಿಗಳಿಗೆ ಹೋಗಲಿ. ಒಂದು ಸಂಘದ ಪತ್ರ ಕಸದ ಬುಟ್ಟಿಗೆ ಹೋಗಬಹುದು. ಸಾವಿರ ಸಂಘಗಳ ಪತ್ರ ಹಾಕುವಷ್ಟು ದೊಡ್ಡ ಬುಟ್ಟಿ ಯಾವ ಕಚೇರಿಯಲ್ಲೂ ಇಲ್ಲ.